ಕಾಂಗ್ರೆಸ್ ಗಿಡ ಕಿತ್ತ ಮೇಲಿನ ಸೀನು: ಆ ಮೂಗಿನ ಡ್ರಾಪ್ಸ್ ಮೊದಲು ಬಿಡಿ

ಅಕ್ಕ, ಗುಂಪಿನಲ್ಲಿ ನಿಮ್ಮ ಪೋಸ್ಟ್ ಓದಿ ಸುಮ್ನೆ ಇರಲಾಗಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಹೂ ಬಿಟ್ಟು ನಿಂತಿದ್ದ ಕಾಂಗ್ರೆಸ್ ಗಿಡವನ್ನೆಲ್ಲ ಬರಿಗೈಯಲ್ಲಿ ಕಿತ್ತು, ಗುಡ್ಡೆ ಹಾಕಿ ಸುಟ್ಟಿದ್ದೀರಿ. ಈಗ ಸೀನು ನಿಲ್ಲುತ್ತಿಲ್ಲ, ಕಣ್ಣು ತುರಿಕೆ, ರಾತ್ರಿ ಮೂಗು ಕಟ್ಟುತ್ತದೆ, ಕೈ ಮೇಲೆ ಕೆಂಪಗೆ ಎದ್ದಿದೆ. ವಾರಗಟ್ಟಲೆಯಿಂದ ಮೂಗಿಗೆ ಡ್ರಾಪ್ಸ್ ಬಿಟ್ಟುಕೊಳ್ಳುತ್ತಿದ್ದೀರಿ. ಸಾಲದ್ದಕ್ಕೆ ಎದುರಿನ ಪಿಂಕ್ ಟಬೂಬಿಯಾ ಮರ ಕಡಿಸಲಾ ಅಂತ ಕೇಳಿದ್ದೀರಿ. ಮರ ಹಾಗೇ ಇರಲಿ. ಮೊದಲು ಡ್ರಾಪ್ಸ್ ವಿಷಯ. ನಾನೂ ಅದರಲ್ಲಿ ಸಿಕ್ಕಿಕೊಂಡು ಒದ್ದಾಡಿದ್ದೇನೆ.

ಬಾಟಲಿ ತಿರುಗಿಸಿ ನೋಡಿ. ಆಕ್ಸಿಮೆಟಾಜೋಲಿನ್ ಅಥವಾ ಕ್ಸೈಲೋಮೆಟಾಜೋಲಿನ್ ಅಂತ ಬರೆದಿರುತ್ತದೆ. ಬ್ರ್ಯಾಂಡ್ ಯಾವುದಾದರೂ ಕಥೆ ಒಂದೇ. ಮೂಗಿನೊಳಗಿನ ರಕ್ತನಾಳಗಳನ್ನು ಬಿಗಿ ಮಾಡಿ ಐದು ನಿಮಿಷದಲ್ಲಿ ಉಸಿರು ಬಿಡಿಸುತ್ತದೆ. ಅದಕ್ಕೇ ಅಷ್ಟು ಹಿತ. ಮೂರರಿಂದ ಐದು ದಿನ ದಾಟಿತು ಅಂದರೆ, ಔಷಧಿ ಇಳಿದಾಗಲೆಲ್ಲ ಮೂಗು ಮೊದಲಿಗಿಂತ ಜಾಸ್ತಿ ಊದಿಕೊಳ್ಳುತ್ತದೆ. ಆಗ ಮತ್ತೆ ಎರಡು ಹನಿ. ನಿಮಗೆ ಈಗ ರಾತ್ರಿ ಮೂಗು ಕಟ್ಟುತ್ತಿರುವುದು ಪೂರ್ತಿ ಪರಾಗದಿಂದ ಅಲ್ಲ, ಅರ್ಧ ಈ ಬಾಟಲಿಯಿಂದ. ಬಿಪಿ ಇದ್ದವರಂತೂ ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ನನಗೆ ಕೈಹಿಡಿದದ್ದು ಇದು: ಡಾಕ್ಟರ್ ಮೂಗಿನ ಊತ ಇಳಿಸುವ ಫ್ಲೂಟಿಕಾಸೋನ್ ಸ್ಪ್ರೇ ಶುರು ಮಾಡಿಸಿದರು. ಡ್ರಾಪ್ಸನ್ನು ಮೊದಲು ಒಂದು ಹೊಳ್ಳೆಗೆ ಮಾತ್ರ ನಿಲ್ಲಿಸಿದೆ, ಅದು ಸುಧಾರಿಸಿದ ಮೇಲೆ ಇನ್ನೊಂದಕ್ಕೆ. ಒಂದು ಕಡೆಯಾದರೂ ಉಸಿರು ಆಡುತ್ತದಲ್ಲ, ರಾತ್ರಿ ನಿದ್ದೆ ಬರುತ್ತದೆ. ಈ ಸ್ಪ್ರೇ ಡ್ರಾಪ್ಸಿನ ಹಾಗೆ ತಕ್ಷಣ ಕೆಲಸ ಮಾಡುವುದಿಲ್ಲ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹಾಕಿ "ಇದು ವೇಸ್ಟ್" ಅಂತ ಎಸೆಯುವವರೇ ಜಾಸ್ತಿ.

ಹಾಕುವ ರೀತಿಯೂ ತಪ್ಪುತ್ತದೆ. ಸಿಂಬಳ ತೆಗೆದು ಮೂಗು ಖಾಲಿ ಮಾಡಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ನಳಿಗೆ ಕಿವಿಯ ಕಡೆಗೆ ಇರಲಿ, ಮಧ್ಯದ ಗೋಡೆಗೆ ಬೇಡ. ಗೋಡೆಗೆ ಹೊಡೆದರೆ ರಕ್ತ ಬರುತ್ತದೆ. ಜೋರಾಗಿ ಎಳೆದುಕೊಳ್ಳಬೇಡಿ. ಗಂಟಲಲ್ಲಿ ರುಚಿ ಗೊತ್ತಾಯಿತು ಅಂದರೆ ಔಷಧಿ ಹೊಟ್ಟೆಗೆ ಹೋಯಿತು ಅಂತಲೇ. ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಮುಂದಿನ ವರ್ಷ ಸೀಸನ್ನಿಗೆ ಎರಡು ವಾರ ಮುಂಚೆಯೇ ಶುರು ಮಾಡಬಹುದಾ ಅಂತಲೂ ಡಾಕ್ಟರನ್ನು ಕೇಳಿ.

ಕಾಮೆಂಟಿನಲ್ಲಿ ಒಬ್ಬರು ಜಲನೇತಿ, ಅಂದರೆ ಉಪ್ಪು ನೀರಿನಲ್ಲಿ ಮೂಗು ತೊಳೆಯುವುದು, ಹೇಳಿದ್ದಾರೆ. ಒಳ್ಳೆಯದೇ. ಆದರೆ ನಲ್ಲಿ ನೀರು, ಬೋರ್ ನೀರು ಖಂಡಿತ ಬೇಡ. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಇದೆ, ಕೇರಳದ ಸುದ್ದಿ ಓದಿರಬೇಕಲ್ವಾ? ಕುದಿಸಿ ಆರಿಸಿದ ನೀರು ಕಾಲು ಲೀಟರ್, ಅಯೋಡಿನ್ ಇಲ್ಲದ ಉಪ್ಪು ಅರ್ಧ ಟೀ ಚಮಚಕ್ಕಿಂತ ಒಂಚೂರು ಕಮ್ಮಿ. ಅಲರ್ಜಿ ಮಾತ್ರೆ ಸಿಟ್ರಿಜಿನ್ ನುಂಗಿ ಗಾಡಿ ಓಡಿಸಬೇಡಿ, ತೂಕಡಿಕೆ ಬರುತ್ತದೆ. ಇನ್ನೊಂದು ಅಲರ್ಜಿ ಮಾತ್ರೆ ಫೆಕ್ಸೊಫೆನಡಿನ್‌ಗೆ ಆ ಕಾಟ ಕಮ್ಮಿ, ಹಣ್ಣಿನ ಜ್ಯೂಸ್ ಜೊತೆ ಮಾತ್ರ ತಗೋಬೇಡಿ, ಮೈಗೆ ಹತ್ತುವುದಿಲ್ಲ. ಎದೆಯಲ್ಲಿ ಸುಯ್‌ಗುಟ್ಟಿದರೆ, ಉಸಿರು ಕಟ್ಟಿದರೆ ಗುಂಪಿನಲ್ಲಿ ಕೇಳುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಇನ್ನು ಗಿಡ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಪಾರ್ಥೇನಿಯಂ ಈಗ ಯಾವ ಖಾಲಿ ಸೈಟನ್ನೂ ಬಿಟ್ಟಿಲ್ಲ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಹೂ ಬಿಟ್ಟ ಮೇಲೆ ಅಲುಗಾಡಿಸಿ ಕಿತ್ತರೆ ಬೀಜ ನೀವೇ ಬಿತ್ತಿದ ಹಾಗೆ, ಪರಾಗ ನೇರ ಮುಖಕ್ಕೆ. ಮಳೆ ಬಿದ್ದ ಮರುದಿನ, ಎಲೆ ಇನ್ನೂ ನೆಲಕ್ಕೆ ಅಂಟಿಕೊಂಡು ಚಕ್ರದ ಹಾಗೆ ಹರಡಿರುವಾಗಲೇ ಬೇರು ಸಮೇತ ಎತ್ತಿ. ಮೊಳೆತ ಒಂದು ತಿಂಗಳು ಚಿಲ್ಲರೆಗೆ ಹೂ ಬಂದುಬಿಡುತ್ತದೆ, ಅಷ್ಟರೊಳಗೆ ಮುಗಿಸಬೇಕು. ಹೂವಿಲ್ಲದ ಗಿಡ ಕಾಂಪೋಸ್ಟಿಗೂ ಆಗುತ್ತದೆ. ರಬ್ಬರ್ ಗ್ಲೌಸ್, ತುಂಬು ತೋಳು, ಎನ್95 ಮಾಸ್ಕ್. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಬರುವ ಮಾಸ್ಕೇ ವಾಸಿ. ಬಟ್ಟೆ ಮಾಸ್ಕ್ ಬರೀ ಸಮಾಧಾನಕ್ಕೆ. ಕೆಲಸ ಮುಗಿದ ತಕ್ಷಣ ತಲೆಸ್ನಾನ, ಬಟ್ಟೆ ನೇರ ಬಕೆಟ್ಟಿಗೆ.

ಒಂದು ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು ಕರಗಿಸಿ ಎಳೆ ಗಿಡಕ್ಕೆ ಬಿಸಿಲಲ್ಲಿ ಹೊಡೆದರೂ ಸುಟ್ಟುಹೋಗುತ್ತದೆ. ಇದು ಕಾಂಪೌಂಡ್ ಬುಡ, ಫುಟ್‌ಪಾತ್ ಸಂದಿಗೆ ಮಾತ್ರ. ಮಡಿಗಳ ಹತ್ತಿರ ತಂದರೆ ಮಣ್ಣು ಹಾಳು. ಕಾಮೆಂಟಿನಲ್ಲಿ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಯಿರಿ ಅಂದ ಮಹಾನುಭಾವರು, ಪಕ್ಕದಲ್ಲೇ ಅಕ್ಕನ ಸೊಪ್ಪಿನ ಮಡಿ ಇರುವುದನ್ನು ಫೋಟೋದಲ್ಲಿ ನೋಡಲಿಲ್ಲವೇ? ಇನ್ನೊಂದು, ಕಾಂಗ್ರೆಸ್ ಗಿಡದ ಎಲೆ ತೂತು ತೂತಾಗಿದ್ದರೆ ತಿರುಗಿಸಿ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರುವ ಪುಟ್ಟ ದುಂಬಿ ಸಿಕ್ಕರೆ ಕೊಲ್ಲಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಮಳೆಗಾಲ ಪೂರ್ತಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಟಬೂಬಿಯಾ ಹೂವಿಗೆ ಬರುವುದು ಜೇನು, ದುಂಬಿ. ಅದರ ಪರಾಗ ಭಾರ, ಅಂಟು, ಗಾಳಿಯಲ್ಲಿ ಅಷ್ಟಾಗಿ ತೇಲುವುದಿಲ್ಲ. ಚೆಂದದ ಹೂವನ್ನು ಬೈಯುತ್ತೇವೆ, ಹುಲ್ಲು, ಸರ್ವೆ ಮರದಂಥ ಕಣ್ಣಿಗೆ ಬೀಳದ ಹೂವುಗಳ ಪರಾಗವೇ ಮೂಗಿಗೆ ಬರುವುದು. ಅಲ್ಲದೆ ಅನುಮತಿಯಿಲ್ಲದೆ ಮರ ಕಡಿಸಿದರೆ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಯಾವುದರ ಅಲರ್ಜಿ ಅಂತ ಖಚಿತ ಆಗಬೇಕಿದ್ದರೆ ಚರ್ಮಕ್ಕೆ ಚುಚ್ಚಿ ನೋಡುವ ಪ್ರಿಕ್ ಟೆಸ್ಟ್ ಮಾಡಿಸಿ. ಅದಕ್ಕೆ ಕೆಲವು ದಿನ ಮುಂಚೆ ಸಿಟ್ರಿಜಿನ್ ತರಹದ ಮಾತ್ರೆ ನಿಲ್ಲಿಸಬೇಕು, ಇಲ್ಲದಿದ್ದರೆ ಏನೂ ಇಲ್ಲ ಅಂತ ತೋರಿಸುತ್ತದೆ.

ಕೈ ಮೇಲೆ ಕೆಂಪಗೆ ಎದ್ದಿದೆ ಅಂದಿರಲ್ಲ, ಅದು ಬೇರೆ ಬಗೆ. ಎಲೆ ತಾಗಿ ಬರುವ ಚರ್ಮದ ಅಲರ್ಜಿ, ಚರ್ಮದ ಡಾಕ್ಟರಿಗೇ ತೋರಿಸಿ. ಸೇವಂತಿಗೆಯೂ ಇದೇ ಕುಟುಂಬದ ಗಿಡ. ಕೆಲವರಿಗೆ ಅದರಿಂದಲೂ ಕೈ ತುರಿಸುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೇವಂತಿಗೆ ಮಾಲೆಯನ್ನು ಮನೆಯಲ್ಲಿ ಬೇರೆ ಯಾರಾದರೂ ಕಟ್ಟಲಿ, ನೀವು ಮಲ್ಲಿಗೆ, ಕನಕಾಂಬರ ಹಿಡಿದುಕೊಳ್ಳಿ.