ಲೆನ್ಸ್ ಹಿಂದಿರುಗಿಸುವ ಮೊದಲು ಇಷ್ಟು ಪರೀಕ್ಷಿಸಿ

ಕ್ಯಾಮೆರಾಗೆ ಹಳೆಯ 300 ಎಂಎಂ ಲೆನ್ಸ್ ಕೊಂಡಿದ್ದೀರಿ, ಮುಂದಿನ ಗಾಜಿನಲ್ಲಿ ಅಕ್ಕಿಕಾಳಿನಷ್ಟು ಗೀರಿದೆ, ಚಿತ್ರದ ಆಕಾಶದಲ್ಲಿ ಕಪ್ಪು ಚುಕ್ಕೆಗಳು ಬರುತ್ತಿವೆ, ಹಿಂದಿರುಗಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಅವಸರಪಡಬೇಡಿ. ಆ ಚುಕ್ಕೆಗಳಿಗೂ ಗೀರಿಗೂ ಸಂಬಂಧವಿಲ್ಲ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/4ಕ್ಕೆ, ಅಂದರೆ ಅಗಲವಾಗಿ ತೆರೆದು, ಗಾಜಿಗೆ ತಾಗದಂತೆ ಲೆನ್ಸಿನ ಮುಂದೆ ಒಂದು ಪೆನ್ಸಿಲ್ ಅಡ್ಡ ಹಿಡಿಯಿರಿ. ದೂರದ ತೆಂಗಿನ ಮರದ ಚಿತ್ರ ತೆಗೆಯಿರಿ. ಪೆನ್ಸಿಲ್ ಕಾಣುವುದೇ ಇಲ್ಲ! ಮರದ ಒಂದೊಂದು ಗರಿಯಿಂದ ಬರುವ ಬೆಳಕೂ ಇಡೀ ಗಾಜಿನ ಮೇಲೆ ಹರಡಿಕೊಂಡು ಒಳಗೆ ಹೋಗುತ್ತದೆ. ಪೆನ್ಸಿಲ್ ತಡೆಯುವುದು ಅದರಲ್ಲಿ ಸ್ವಲ್ಪವನ್ನು ಮಾತ್ರ. ಹಾಗಿರುವಾಗ ಅಕ್ಕಿಕಾಳಿನಷ್ಟು ಗೀರು ಯಾವ ಲೆಕ್ಕ?

ಚುಕ್ಕೆಗಳು ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕವಾದ ಸೆನ್ಸರ್ ಮೇಲಿನ ದೂಳು. ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ಕಿಂಡಿ ಕಿರಿದಾಗುವ ಎಫ್/22ರಲ್ಲಿ ಒಮ್ಮೆ, ಎಫ್/4ರಲ್ಲಿ ಒಮ್ಮೆ ತೆಗೆಯಿರಿ. ಮೊದಲನೆಯದರಲ್ಲಿ ಚುಕ್ಕೆ ಎದ್ದು ಕಾಣುತ್ತದೆ, ಎರಡನೆಯದರಲ್ಲಿ ಕರಗಿಹೋಗುತ್ತದೆ. ಲೆನ್ಸ್ ಬದಲಿಸಿದರೂ ಅದೇ ಜಾಗದಲ್ಲಿದ್ದರೆ ಅನುಮಾನವೇ ಬೇಡ. ಸೆನ್ಸರಿನಲ್ಲಿ ಬಿಂಬ ತಲೆಕೆಳಗಾಗಿ ಬೀಳುವುದರಿಂದ ಚಿತ್ರದ ಮೇಲ್ಭಾಗದ ಚುಕ್ಕೆಗೆ ಕಾರಣವಾದ ದೂಳು ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಲೆನ್ಸ್ ಕಳಚಿ, ಕ್ಯಾಮೆರಾದ ಬಾಯಿ ಕೆಳಮುಖ ಮಾಡಿ ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ಗೀರು ತೊಂದರೆ ಕೊಡುವುದು ಎದುರು ಬೆಳಕಿನಲ್ಲಿ. ರಂಗನತಿಟ್ಟಿನಲ್ಲಿ ಬೆಳಗಿನ ಸೂರ್ಯನಿಗೆ ಮುಖ ಮಾಡಿ ಕೊಕ್ಕರೆ ತೆಗೆಯುವಾಗ ಗೀರಿಗೆ ತಾಗಿದ ಬೆಳಕು ಚದುರಿ ಕಪ್ಪು ಬಣ್ಣ ಬೂದು ಬಣ್ಣವಾಗುತ್ತದೆ. ಲೆನ್ಸ್ ಹುಡ್ (ಲೆನ್ಸಿನ ಮುಂದೆ ನೆರಳಿಗೆ ಹಾಕುವ ಕೊಳವೆ) ಹಾಕಿ, ಸೂರ್ಯನನ್ನು ಸ್ವಲ್ಪ ಪಕ್ಕಕ್ಕೆ ತಪ್ಪಿಸಿ. ಹಿನ್ನೆಲೆಯಲ್ಲಿ ಮಸುಕಾದ ಬೆಳಕಿನ ಬಿಲ್ಲೆಗಳಿದ್ದರೆ ಅವುಗಳೊಳಗೂ ಗೀರಿನ ನೆರಳು ಕಾಣಬಹುದು.

ಗೀರಿಗಿಂತ ಜಿಡ್ಡು ಕೆಟ್ಟದ್ದು. ಒಮ್ಮೆ ನನ್ನ ಒಂದು ಬೆಳಗಿನ ಮಿಂಚುಳ್ಳಿ ಚಿತ್ರಗಳೆಲ್ಲ ಹಾಲು ಕಲಸಿದಂತೆ ಬಂದವು. ಗಾಜಿನ ಮೇಲೆ ಹೆಬ್ಬೆರಳಿನ ಗುರುತಿತ್ತು. ಒರೆಸುವ ಮೊದಲು ದೂಳನ್ನು ಬ್ಲೋವರಿನಿಂದ ಊದಿ ತೆಗೆಯಿರಿ, ಇಲ್ಲವಾದರೆ ಆ ಮರಳಿನ ಕಣವೇ ಹೊಸ ಗೀರು ಎಳೆಯುತ್ತದೆ. ಲೆನ್ಸ್ ದ್ರಾವಣವನ್ನು ಬಟ್ಟೆಗೆ ಹಾಕಿ, ಗಾಜಿಗೆ ನೇರವಾಗಿ ಸುರಿಯಬೇಡಿ. ಅಂಗಿಯ ಅಂಚು ಖಂಡಿತ ಬೇಡ.

ಇನ್ನು ಹಿಂದಿನ ಗಾಜು. ಅದು ಸೆನ್ಸರಿಗೆ ಹತ್ತಿರ, ಅಲ್ಲಿನ ಗೀರು ನಿಜವಾಗಿ ಚಿತ್ರ ಕೆಡಿಸುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಓರೆಯಾಗಿ ಬಿಟ್ಟು ಒಳಗೆಲ್ಲ ನೋಡಿ. ಜೇಡರ ಬಲೆಯಂಥ ಬೂಷ್ಟಿನ ಎಳೆಗಳಿವೆಯೇ? ಹಿಂದಿನ ಗಾಜಿನಲ್ಲಿ ಗೀರಿದೆಯೇ? ಇದ್ದರೆ ಹಿಂದಿರುಗಿಸಿ. ಮುಂದಿನ ಗೀರೊಂದೇ ಆದರೆ ಬೆಲೆ ತಗ್ಗಿಸಿ ಕೇಳಿ, ಲೆನ್ಸ್ ಇಟ್ಟುಕೊಳ್ಳಿ.