ಮೂರು ಸರ್ವರ್, ಒಂದೇ ಕ್ರಾನ್ ಜಾಬ್: ಎಫ್‌ಲಾಕ್, ಎಟ್ಸಿಡಿ, ಕಾನ್ಸುಲ್, ಇವುಗಳಲ್ಲಿ ಯಾವ ಲಾಕ್ ಒಳ್ಳೆಯದು?

ಬೀದರ್‌ನ ಸಹಕಾರ ಸಂಘವೊಂದಕ್ಕೆ ಮೂರು ಸರ್ವರ್ ಇಟ್ಟಿದ್ದೀರಿ, ಮೂರರಲ್ಲೂ ಅದೇ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸ) ಇದೆ, ರಾತ್ರಿ ಒಂದು ಮಾತ್ರ ಓಡಬೇಕು, ಅದಕ್ಕೆ ಕಮಾಂಡ್ ಲೈನ್‌ನಿಂದಲೇ ಹಾಕಬಹುದಾದ ಲಾಕ್, ಅಂದರೆ ಒಬ್ಬರು ಹಿಡಿದಿರುವಾಗ ಇನ್ನೊಬ್ಬರನ್ನು ತಡೆಯುವ ಬೀಗ, ಯಾವುದು ಅಂತ ಕೇಳಿದ್ದೀರಿ. ಕಲಬುರಗಿಯಲ್ಲಿ ನಾವೂ ಇದೇ ಪ್ರಶ್ನೆ ಹಿಡಿದು ಕೂತಿದ್ದೆವು. ಉತ್ತರ ಸಿಕ್ಕಿತು, ಟೂಲೂ ಚೆನ್ನಾಗಿತ್ತು, ಗಿರಾಕಿ ಮಾತ್ರ ಕೈಬಿಟ್ಟು ಹೋದರು.

ನೆಹರು ಗಂಜ್ ಮಾರುಕಟ್ಟೆಯ ಕೆಲವು ಅಡತ್ (ಕಮಿಷನ್ ದಲ್ಲಾಳಿ) ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನಮ್ಮದು. ತೊಗರಿ ಬರುವ ಹೊತ್ತಿಗೆ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೂಕ ಆದ ಕೂಡಲೇ ಮಾಲಿನ ಹಣ ರೈತನ ಖಾತೆಗೆ ಬರೆಯಲ್ಪಡುತ್ತಿತ್ತು. ರಾತ್ರಿ ಎಂಟಕ್ಕೆ ಒಂದು ಜಾಬ್ ಎದ್ದು, ಅವನು ಬಿತ್ತನೆ ಕಾಲಕ್ಕೆ ಪಡೆದ ಮುಂಗಡದ ಕಂತನ್ನು ಅದರಲ್ಲಿ ಮುರಿದುಕೊಂಡು, ಉಳಿದದ್ದು ಎಷ್ಟು ಅಂತ ಎಸ್ಸೆಮ್ಮೆಸ್ ಕಳಿಸುತ್ತಿತ್ತು. ಒಂದೇ ಮಷಿನ್ ಇದ್ದಾಗ ಎಫ್‌ಲಾಕ್ ಎಂಬ ಲಿನಕ್ಸ್ ಕಮಾಂಡ್‌ಗೆ ಮೈನಸ್ ಎನ್ ಹಾಕಿ ಓಡಿಸುತ್ತಿದ್ದೆವು. ಲಾಕ್ ಬೇರೆಯವರ ಹತ್ತಿರ ಇದ್ದರೆ ಕಾಯದೆ ವಾಪಸ್ ಹೋಗು ಅಂತ ಅದರ ಅರ್ಥ. ಆಮೇಲೆ ಸರ್ವರ್ ಮೂರಾದವು. ಮಷಿನ್‌ನ ಸ್ವಂತ ಡಿಸ್ಕ್‌ನ ಫೈಲ್ ಮೇಲೆ ಎಫ್‌ಲಾಕ್ ಹಾಕುವ ಲಾಕ್ ಆ ಮಷಿನ್‌ನ ಕರ್ನಲ್‌ನಲ್ಲೇ (ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲೇ) ಇರುತ್ತದೆ, ಪಕ್ಕದ ಮಷಿನ್‌ಗೆ ಅದರ ಸುಳಿವೂ ಸಿಗುವುದಿಲ್ಲ. ಹೀಗಾಗಿ ಕ್ರಾನ್ ಸಾಲಿನಲ್ಲಿ ಎಫ್‌ಲಾಕ್ ತೆಗೆದು ಅದೇ ಜಾಗಕ್ಕೆ ಎಟ್ಸಿಡಿಸಿಟಿಎಲ್ ಲಾಕ್ ಬರೆದೆವು. ಹಲವು ಮಷಿನ್‌ಗಳು ಸೇರಿ ನಡೆಸುವ ಎಟ್ಸಿಡಿ ಎಂಬ ಚಿಕ್ಕ ಡೇಟಾಬೇಸ್‌ನ ಕಮಾಂಡ್ ಅದು. ಒಂದು ಸಾಲಿನ ಬದಲಾವಣೆ, ಅಷ್ಟೇ.

ಟೆಸ್ಟ್ ಮಾಡದೆ ಬಿಟ್ಟವರಲ್ಲ ನಾವು. ಮೊದಲ ಮಷಿನ್‌ನಲ್ಲಿ ಲಾಕ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕಾಯುವ ಸ್ಲೀಪ್ ಕಮಾಂಡ್ ಓಡಿಸಿದೆವು. ಎರಡನೆಯದರಲ್ಲಿ ಅದೇ ಕಮಾಂಡ್ ಹೊಡೆದಾಗ ಕರ್ಸರ್ ಮಿಣಮಿಣ ಅನ್ನುತ್ತ ನಿಂತಿತು, ಮುಂದೆ ಹೋಗಲಿಲ್ಲ. ಮೂರನೆಯದೂ ಹಾಗೇ. 'ಆತು ನೋಡ್ರಿ, ತಡದದ' ಅಂದು ಎರಡರಲ್ಲೂ ಕಂಟ್ರೋಲ್-ಸಿ ಒತ್ತಿ ಕಮಾಂಡ್ ನಿಲ್ಲಿಸಿ ಚಹಾಕ್ಕೆ ಹೋದೆವು.

ತಪ್ಪು ಇಲ್ಲೇ ಇದೆ, ಸ್ವಲ್ಪ ಉದ್ದ ಬರೆದರೂ ಓದಿ. ಎರಡನೇ ಮಷಿನ್ ಜಾಬನ್ನು ಬಿಟ್ಟುಕೊಟ್ಟಿರಲಿಲ್ಲ, ಕಾಯುತ್ತಿತ್ತು. ಕಂಟ್ರೋಲ್-ಸಿ ಒತ್ತದೆ ಹತ್ತು ನಿಮಿಷ ಅಲ್ಲೇ ಕೂತಿದ್ದರೆ, ಮೊದಲನೆಯದು ಮುಗಿದ ಕ್ಷಣಕ್ಕೆ ಎರಡನೆಯದು ಶುರುವಾಗುವುದು, ಅದು ಮುಗಿದ ಮೇಲೆ ಮೂರನೆಯದು ಎದ್ದೇಳುವುದು ಕಣ್ಣಿಗೇ ಕಾಣುತ್ತಿತ್ತು. ಎಟ್ಸಿಡಿಯ ಲಾಕ್ ಅಂದರೆ ನ್ಯಾಯಬೆಲೆ ಅಂಗಡಿಯ ಸರದಿ ಇದ್ದಂತೆ: ನೂಕುನುಗ್ಗಲು ಇರುವುದಿಲ್ಲ, ಆದರೆ ನಿಂತವರಿಗೆಲ್ಲ ಪಾಳಿ ಬಂದೇ ಬರುತ್ತದೆ. ನಮಗೆ ಬೇಕಾಗಿದ್ದದ್ದು 'ಇವತ್ತಿಗೆ ಒಂದು ಸಲ'. ನಾವು ಹಾಕಿದ್ದು 'ಒಂದು ಸಲಕ್ಕೆ ಒಬ್ಬ'. ಮೈನಸ್ ಎನ್ ರೂಢಿಯಾಗಿದ್ದರಿಂದ ಎರಡೂ ಒಂದೇ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು.

ಹಾಗಾದರೆ ಕಾಯದ ಲಾಕ್ ಇದ್ದಿದ್ದರೆ? ಅದೂ ಸಾಲದು. ಒಂದು ಮಷಿನ್‌ನ ಗಡಿಯಾರ ಐದು ಸೆಕೆಂಡ್ ಹಿಂದಿದ್ದು, ಜಾಬ್ ಮೂರೇ ಸೆಕೆಂಡಿನಲ್ಲಿ ಮುಗಿದರೆ, ಗಡಿಯಾರ ಹಿಂದಿರುವ ಆ ಮಷಿನ್ ಬರುವಾಗ ಲಾಕ್ ಖಾಲಿ ಇರುತ್ತದೆ. ಅದು ನಿಯಮದ ಪ್ರಕಾರವೇ ಲಾಕ್ ತೆಗೆದುಕೊಂಡು ಮತ್ತೆ ಓಡುತ್ತದೆ. ಎಟ್ಸಿಡಿಯಂಥದೇ ಇನ್ನೊಂದು ಟೂಲ್ ಆದ ಕಾನ್ಸುಲ್‌ನ ಲಾಕ್‌ನಲ್ಲಿ ಇಂತಿಷ್ಟು ಹೊತ್ತು ಮಾತ್ರ ಪ್ರಯತ್ನಿಸು ಅನ್ನುವ ಆಯ್ಕೆ ಇದೆ, ಅದಕ್ಕೂ ಇದೇ ಗತಿ.

ಮೊದಲ ರಾತ್ರಿಯೇ ಮೂರೂ ಶಿಸ್ತಾಗಿ ಒಂದಾದ ಮೇಲೊಂದು ಓಡಿದವು. ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಬೆಳಿಗ್ಗೆ ಜೇವರ್ಗಿ ಕಡೆಯ ರೈತರೊಬ್ಬರು ಅಂಗಡಿಗೆ ಬಂದು ಮೊಬೈಲ್ ಮುಂದೆ ಹಿಡಿದರು. ಮೂರು ಮೆಸೇಜ್: ಖಾತೆಯಲ್ಲಿ ಉಳಿದದ್ದು 41,200, ಉಳಿದದ್ದು 36,200, ಉಳಿದದ್ದು 31,200. 'ಒಂದ ಕಂತಿಗೆ ಮೂರ ಸರ್ತಿ ಮುರಕೋತೀರೇನ್ರಿ?' ಅಂತ ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ಗುಂಪು. ಲೆಕ್ಕವನ್ನು ಅದೇ ದಿನ ಸರಿಪಡಿಸಿದೆವು, ಆದರೆ ಗಂಜ್‌ನಲ್ಲಿ ಅಡತ್‌ದಾರ ಬದುಕುವುದೇ ನಂಬಿಕೆಯ ಮೇಲೆ. ಸೀಸನ್ ಮುಗಿಯುವ ಮೊದಲೇ ಆ ಅಂಗಡಿ ಬೇರೆಯವರ ಸಾಫ್ಟ್‌ವೇರ್ ಹಾಕಿಸಿಕೊಂಡಿತು.

ಹಾಗಾಗಿ ಯಾವ ಲಾಕ್ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಣ ಮುಟ್ಟುವ ಜಾಬ್‌ಗೆ ಕಾವಲು ಇರಬೇಕಾದದ್ದು ಹಣ ಬರೆಯುವ ಜಾಗದಲ್ಲಿ. ನಿಮ್ಮ ಸಂಘದ ಲೆಕ್ಕ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ ಅಂದಿರಿ. ಅಲ್ಲೇ ಒಂದು ಚಿಕ್ಕ ಟೇಬಲ್ ಮಾಡಿ: ಜಾಬ್ ಹೆಸರು, ವ್ಯವಹಾರದ ದಿನಾಂಕ, ಎರಡೂ ಸೇರಿ ಯುನೀಕ್ (ಅದೇ ಜೋಡಿ ಎರಡನೇ ಸಲ ಸೇರದಂತೆ). ಜಾಬ್ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಬರಹದ ಕಟ್ಟು) ತೆರೆದು ಮೊದಲು ಇಲ್ಲಿಗೆ ಒಂದು ಸಾಲು ಇನ್ಸರ್ಟ್ ಮಾಡಲಿ, ಜೊತೆಗೆ 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್', ಅಂದರೆ ಆ ಸಾಲು ಮೊದಲೇ ಇದ್ದರೆ ಏನೂ ಮಾಡಬೇಡ ಅನ್ನುವುದು, ಇರಲಿ. ಪೋಸ್ಟ್‌ಗ್ರೆಸ್ 9.5ರಿಂದ ಅದು ಇದೆ. ಸಾಲು ಸೇರಿದರೆ ಅದೇ ಟ್ರಾನ್ಸಾಕ್ಷನ್‌ನಲ್ಲಿ ಕಂತು ಮುರಿಯಲಿ, ಸೇರದಿದ್ದರೆ ಸುಮ್ಮನೆ ಹೊರಬರಲಿ. ಎರಡು ಮಷಿನ್ ಒಟ್ಟಿಗೆ ಬಂದರೆ ಎರಡನೆಯದು ಇನ್ಸರ್ಟ್‌ನಲ್ಲೇ ನಿಲ್ಲುತ್ತದೆ. ಮೊದಲನೆಯದು ಕಮಿಟ್ ಆದರೆ (ಬರೆದದ್ದು ಖಾಯಂ ಆದರೆ) ಇದಕ್ಕೆ ಸಾಲು ಸಿಗುವುದಿಲ್ಲ, ಅದು ಅರ್ಧದಲ್ಲಿ ಸತ್ತು ರೋಲ್‌ಬ್ಯಾಕ್ ಆದರೆ (ಬರೆದದ್ದೆಲ್ಲ ರದ್ದಾದರೆ) ಇದು ಕೆಲಸ ಎತ್ತಿಕೊಳ್ಳುತ್ತದೆ. ನೀವು ಮೂರು ಮಷಿನ್‌ನಲ್ಲಿ ಕ್ರಾನ್ ಇಟ್ಟಿದ್ದೇ ಇದಕ್ಕಲ್ಲವೇ?

ಇದರಿಂದ ಇನ್ನೊಂದು ಪೀಡೆಯೂ ತಪ್ಪುತ್ತದೆ. ಎಟ್ಸಿಡಿಯ ಲಾಕ್ ನಿಂತಿರುವುದು ಲೀಸ್ ಮೇಲೆ, ಅಂದರೆ ಆಗಾಗ ನವೀಕರಿಸದಿದ್ದರೆ ಮುಗಿದುಹೋಗುವ ಗುತ್ತಿಗೆ ಮೇಲೆ. ಲಾಕ್ ಹಿಡಿದ ಮಷಿನ್ ಸಾಯಬೇಕೆಂದೇನಿಲ್ಲ, ಬ್ಯಾಕಪ್‌ಗಾಗಿ ವರ್ಚುವಲ್ ಮಷಿನ್ ಕೊಂಚ ಹೆಚ್ಚು ಹೊತ್ತು ಹೆಪ್ಪುಗಟ್ಟಿದರೂ ಸಾಕು, ಲೀಸ್ ಮುಗಿದು ಲಾಕ್ ಇನ್ನೊಬ್ಬರ ಕೈಗೆ ಹೋಗುತ್ತದೆ. ಎಚ್ಚೆತ್ತ ಮೊದಲನೆಯದು ತಾನಿನ್ನೂ ಯಜಮಾನ ಅಂದುಕೊಂಡೇ ಬರೆಯುತ್ತದೆ. ಡೇಟಾಬೇಸ್‌ಗಳನ್ನು ಪರೀಕ್ಷಿಸುವ ಜೆಪ್ಸನ್‌ನಿಂದ 2020ರ ಜನವರಿಯಲ್ಲಿ ಬಂದ ವರದಿ ಎಟ್ಸಿಡಿ 3.4.3ರ ಲಾಕ್‌ಗಳನ್ನು ಪರೀಕ್ಷಿಸಿ ಇದನ್ನೇ ತೋರಿಸಿತ್ತು. ಲಾಕ್ ಬಿಡಲಾರೆ ಅನ್ನುವವರಿಗೆ ಒಂದು ದಾರಿ ಇದೆ: ಎಟ್ಸಿಡಿಸಿಟಿಎಲ್ ತಾನು ಓಡಿಸುವ ಕಮಾಂಡ್‌ಗೆ 'ಎಟ್ಸಿಡಿ ಲಾಕ್ ರೆವ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ರಿವಿಷನ್ ಸಂಖ್ಯೆ ಕೊಡುತ್ತದೆ. ಅದು ಏರುತ್ತಲೇ ಹೋಗುವ ಸಂಖ್ಯೆ. ಪ್ರತಿ ಬರಹದ ಜೊತೆ ಅದನ್ನೂ ಕಳಿಸಿ, ಹಳೆಯ ಸಂಖ್ಯೆ ಬಂದರೆ ಡೇಟಾಬೇಸ್ ತಿರಸ್ಕರಿಸುವಂತೆ ಮಾಡಬೇಕು. ಮತ್ತೆ ಡೇಟಾಬೇಸ್ ಬಾಗಿಲಿಗೇ ಬಂದೆವು ನೋಡಿ.

ಎನ್‌ಎಫ್‌ಎಸ್ (ಹಲವು ಮಷಿನ್‌ಗಳು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಫೈಲ್ ವ್ಯವಸ್ಥೆ) ಮೇಲೆ ಎಫ್‌ಲಾಕ್ ನಡೆಯುತ್ತದಾ ಅಂತಲೂ ಕೇಳಿದ್ದಿರಿ. ಲಿನಕ್ಸ್ 2.6.12ರಿಂದ ಮಷಿನ್‌ಗಳ ನಡುವೆಯೂ ಅದು ನಡೆಯುತ್ತದೆ, ಆದರೆ ಆ ಒಂದು ಎನ್‌ಎಫ್‌ಎಸ್ ಸರ್ವರ್ ಮಲಗಿದರೆ ಎಲ್ಲವೂ ಮಲಗುತ್ತವೆ. ಹಳೇ ಲಾಗ್ ಜಿಪ್ ಮಾಡುವಂಥ, ಎರಡು ಸಲ ಆದರೂ ಯಾರೂ ಅಳದ ಕೆಲಸಕ್ಕೆ ಯಾವ ಲಾಕ್ ಆದರೂ ನಡೆಯುತ್ತದೆ. ಅಂದಹಾಗೆ, ಎಟ್ಸಿಡಿಯ ಮೂರು ನೋಡ್‌ಗಳಲ್ಲಿ (ಅದು ಓಡುವ ಮಷಿನ್‌ಗಳಲ್ಲಿ) ಎರಡು ಬದುಕಿದ್ದರೆ ಮಾತ್ರ ಲಾಕ್ ಸಿಗುವುದು. ನಮ್ಮ ಮೂರೂ ಒಂದೇ ಕೋಣೆಯಲ್ಲಿ, ಒಂದೇ ಯುಪಿಎಸ್ ಮೇಲಿದ್ದವು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಯುಪಿಎಸ್ ಬ್ಯಾಟರಿ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಟೇಬಲ್‌ಗೆ ದಿನಾಂಕ ಹಾಕುವಾಗ ಆ ಕ್ಷಣದ ಗಡಿಯಾರ ನೋಡಬೇಡಿ. ರಾತ್ರಿ 11:58ಕ್ಕೆ ಶುರುವಾದ ಜಾಬ್ ಕಾಯುತ್ತ ಹನ್ನೆರಡು ದಾಟಿದರೆ ಅದು 'ನಾಳೆ'ಯ ಸಾಲನ್ನು ಇವತ್ತೇ ಬರೆದುಬಿಡುತ್ತದೆ, ನಾಳೆಯ ಜಾಬ್ ಓಡುವುದೇ ಇಲ್ಲ. ಎಸ್ಸೆಮ್ಮೆಸ್ ಅನ್ನೂ ನೇರವಾಗಿ ಕಳಿಸದೆ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಸರದಿ ಟೇಬಲ್‌ಗೆ ಬರೆದಿಟ್ಟು ಆಮೇಲೆ ಕಳಿಸಿ. ನಿಮ್ಮ ಜಾಬ್ ಬ್ಯಾಂಕಿಗೂ ಫೈಲ್ ಕಳಿಸುತ್ತದಾದರೆ ತಿಳಿಸಿ, ಅಲ್ಲಿ ಬೇರೆ ತಕರಾರುಗಳಿವೆ.