ಬಿಳಿ ಹಂದಿಯೆಲ್ಲ ಯಾರ್ಕ್‌ಷೈರ್ ಅಲ್ಲ

ಪ್ರಶ್ನೆ: ಯಾರ್ಕ್‌ಷೈರ್ ತಳಿ ಎಂದು ಒಂದೇ ಸೂಲಿನ ನಾಲ್ಕು ಮರಿ ತಂದಿದ್ದೇವೆ. ಎಲ್ಲವೂ ಬಿಳಿ. ಆದರೆ ಎರಡು ಹೆಣ್ಣುಮರಿಗಳ ಕಿವಿ ಜೋತಿದೆ, ಒಂದು ಗಂಡಿನ ಸೊಂಟದ ಮೇಲೆ ಕಪ್ಪು ಕೂದಲಿನ ಮಚ್ಚೆಯಿದೆ. ಇವು ಶುದ್ಧ ತಳಿಯೇ? ಗಂಡನ್ನು ಬೀಜಕ್ಕೆ ಉಳಿಸಿಕೊಳ್ಳಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಶುದ್ಧ ತಳಿಯಲ್ಲ. ಯಾರ್ಕ್‌ಷೈರ್‌ನ ಬಿಳಿ ಬಣ್ಣ ಪ್ರಬಲ ಗುಣ. ಊರಿನ ಕರಿ ಹಂದಿಗೆ ಶುದ್ಧ ಯಾರ್ಕ್‌ಷೈರ್ ಗಂಡು ಕೊಡಿಸಿದರೂ ಮೊದಲ ತಲೆಮಾರಿನ ಮರಿಗಳು ಬಿಳಿಯಾಗಿಯೇ ಹುಟ್ಟುತ್ತವೆ, ಕೆಲವಕ್ಕೆ ಮಾತ್ರ ಮಚ್ಚೆ. ಆ ಮರಿಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಸುಮಾರು ಕಾಲು ಭಾಗ ಬಣ್ಣದವು ಬರುತ್ತವೆ. ಆದ್ದರಿಂದ ಮರಿ ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಕಿವಿ ನೋಡಿ, ಸಾಧ್ಯವಾದರೆ ತಂದೆ ತಾಯಿಯನ್ನೂ ನೋಡಿ.

ಶುದ್ಧ ಎನ್ನುವ ಈ ತಳಿಯೇ ಮಿಶ್ರಣದಿಂದ ಬಂದದ್ದು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಹಳೆಯ ಹಂದಿಗಳು ದೊಡ್ಡವು, ಆದರೆ ನಿಧಾನವಾಗಿ ಬಲಿಯುತ್ತಿದ್ದವು. ಬೇಗ ಮೈತುಂಬಿಕೊಳ್ಳುವ ಚೀನಾ ಮೂಲದ ಹಂದಿಗಳ ರಕ್ತ ಅವಕ್ಕೆ ಸೇರಿತು. ಕೀತ್ಲಿ ಪಟ್ಟಣದ ನೇಕಾರ ಜೋಸೆಫ್ ಟೂಲಿ 1851ರ ವಿಂಡ್ಸರ್ ಕೃಷಿ ಪ್ರದರ್ಶನಕ್ಕೆ ತಂದ ಹಂದಿಗಳಿಂದ ತಳಿಗೆ ಹೆಸರು ಬಂತು. 1884ರಲ್ಲಿ ವಂಶಾವಳಿ ಪುಸ್ತಕ ಶುರುವಾಯಿತು. ಅಲ್ಲಿಂದ ಮುಂದೆ ಗುಣಲಕ್ಷಣ ಗಟ್ಟಿಯಾದವು: ಸೆಟೆದು ನಿಂತ ಕಿವಿ, ತುಸು ಒಳಬಾಗಿದ ಮುಖ, ಉದ್ದನೆಯ ಮೈ, ಬಿಳಿ ಕೂದಲು. ಬಿಳಿ ಕೂದಲಿನಡಿ ಚರ್ಮದಲ್ಲಿ ಸಣ್ಣ ನೀಲಿ ಚುಕ್ಕೆ ಕಂಡರೆ ಚಿಂತೆಯಿಲ್ಲ. ಕೂದಲೇ ಕಪ್ಪಾಗಿದ್ದರೆ ಬೇರೆ ರಕ್ತ ಬೆರೆತಿದೆ.

ಕಿವಿ ಕಣ್ಣಿನ ಮೇಲೆ ಬೀಳುವುದು ಲ್ಯಾಂಡ್‌ರೇಸ್ ಗುಣ. ಅದು ಡೆನ್ಮಾರ್ಕ್‌ನ ತಳಿ. ಅಲ್ಲಿನ ಊರ ಹಂದಿಗೆ ಯಾರ್ಕ್‌ಷೈರ್ ಬೆರೆಸಿ, ಬೇಕನ್ (ಉಪ್ಪು ಹಾಕಿ ಹದ ಮಾಡಿದ ಹಂದಿಮಾಂಸ) ಮಾಡಲೆಂದು ಮೈ ಉದ್ದ ಮಾಡುತ್ತ ಆರಿಸಿದ್ದು. ನಿಮ್ಮ ಮರಿಗಳಲ್ಲೂ ಅದರ ಅಂಶ ಇರಬಹುದು. ಹಾಗಿದ್ದರೆ ನಷ್ಟವೇನಿಲ್ಲ, ಈ ಎರಡು ತಳಿಗಳ ಮಿಶ್ರ ಹೆಣ್ಣು ಒಳ್ಳೆಯ ತಾಯಿ.

ಗಂಡನ್ನು ಮಾತ್ರ ಬೀಜಕ್ಕೆ ಬಿಡಲೇಬೇಡಿ. ಒಡಹುಟ್ಟಿದವು ಕೂಡಿದರೆ ಮರಿಗಳ ಸಂಖ್ಯೆ ಇಳಿಯುತ್ತದೆ, ಹುಟ್ಟಿದವೂ ಸೊರಗುತ್ತವೆ. ಪಶುವೈದ್ಯರಿಂದ ಬೀಜ ಒಡೆಸಿ ಮಾಂಸಕ್ಕೆ ಬೆಳೆಸಿ. ಹೆಣ್ಣುಗಳಲ್ಲಿ ಕನಿಷ್ಠ 12 ಸರಿಯಾದ ಮೊಲೆತೊಟ್ಟು ಇರುವವನ್ನು ಉಳಿಸಿಕೊಳ್ಳಿ. ಒಳಸೇರಿದ ತೊಟ್ಟಿನಲ್ಲಿ ಮರಿಗೆ ಹಾಲು ಸಿಗದು. ಸುಮಾರು 8 ತಿಂಗಳು, 100 ಕಿಲೋ ದಾಟಿದ ಮೇಲೆ, ಮೊದಲ ಬೆದೆ ಬಿಟ್ಟು ಮುಂದಿನದರಲ್ಲಿ ಕೊಡಿಸಿ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಗಬ್ಬದ ಅವಧಿ 114 ದಿನ. ಬೀಜದ ಗಂಡನ್ನು ಬೇರೆ ಫಾರ್ಮಿನಿಂದ, ಕಿವಿ ಗುರುತು ಮತ್ತು ವಂಶದ ದಾಖಲೆ ನೋಡಿಯೇ ತನ್ನಿ.